ಬಲಗಡೆಯಿಂದ ಎರಡನೆಯ ಗುಂಡಿ

ಆಗ ಮೈಲೂರಿನ ಆಚೆ ಮನೆಗಳಿರಲಿಲ್ಲ, ಬರೀ ಕೆಮ್ಮಣ್ಣಿನ ಬಯಲಿತ್ತು. ಆ ಬಯಲಿನ ಕೊನೆಗೆ ಹನ್ನೆರಡು ಗುಂಡಿಗಳು ಒಂದೇ ಸಾಲಿನಲ್ಲಿದ್ದವು, ಸಾಲಿನ ಬಲತುದಿಗೆ ಒಂದು ಬಾವಿ. ಬೀದರ ಶಹರದ ಮಂದಿ ಬೆಳಗಾದರೆ ಪಾಯಖಾನೆಯಲ್ಲಿ ಬಿಟ್ಟುಬಂದು ಮರೆತುಬಿಡುವ ವಸ್ತು ಡಬ್ಬಗಳಲ್ಲಿ ತುಂಬಿ, ಗಾಡಿ ಏರಿ ಇಲ್ಲಿಗೆ ಬರುತ್ತಿತ್ತು. ಇಲ್ಲಿಗೆ ಬಂದಮೇಲೆ ಅದರ ಜವಾಬ್ದಾರಿ ಸುಭದ್ರಾಬಾಯಿಯದು. ಆ ಹಾದಿಯಲ್ಲಿ ಹೋಗುವವರು ಮೂಗಿಗೆ ಸೆರಗು, ಧೋತರದ ಚುಂಗು ಒತ್ತಿಕೊಂಡು ದಾಪುಗಾಲು ಹಾಕುತ್ತಿದ್ದರು. ಹಾಕಲಿ ಬಿಡಿ. ಅವರ ತಾಟಿಗೆ ಮೆಂತ್ಯದ ಪಲ್ಯ ಎಲ್ಲಿಂದ ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು.

ಕೆಲಸ ಹೇಳಲಿಕ್ಕೆ ಸರಳ. ಗುಂಡಿಯ ತಳಕ್ಕೆ ಒಂದು ಗೇಣು ಕಸಕಡ್ಡಿ, ಒಣ ಎಲೆ, ಒಲೆಯ ಬೂದಿ. ಅದರ ಮೇಲೆ ನಾಲ್ಕು ಬೆರಳು ಡಬ್ಬದ ಮಾಲು. ಮತ್ತೆ ಕಸ, ಮತ್ತೆ ಮಾಲು. ತುಂಬಿದ ಮೇಲೆ ಕೆಸರು ಮೆತ್ತಿ ಬಾಯಿ ಮುಚ್ಚಿ ಆರು ತಿಂಗಳು ಕೈ ಹಚ್ಚದೆ ಬಿಡುವುದು. ಒಳಗೆ ಅದು ತನ್ನ ಕಾವಿನಲ್ಲಿ ತಾನೇ ಬೇಯುತ್ತದೆ. ಬೆಂದು ತಣ್ಣಗಾದಮೇಲೆ ತೆಗೆದರೆ ಕಪ್ಪನೆಯ ಪುಡಿಮಣ್ಣು, ಮೊದಲ ಮಳೆ ಬಿದ್ದ ಹೊಲದ ವಾಸನೆ. ರೈತರು ಅದನ್ನು ಸೋನಖತ ಅನ್ನುತ್ತಿದ್ದರು, ಅಂದರೆ ಬಂಗಾರದ ಗೊಬ್ಬರ. ಆರು ತಿಂಗಳಿಗೆ ಮೊದಲೇ ತೆಗೆದರೆ ಮಾತ್ರ ಅದು ಬಂಗಾರವೂ ಅಲ್ಲ, ಗೊಬ್ಬರವೂ ಅಲ್ಲ, ಶುದ್ಧ ವಿಷ.

ಈ ವಿಷದ ಗುರುತು ಸುಭದ್ರಾಬಾಯಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಔರಾದ ತಾಲೂಕಿನ ಎಕಂಬಾದವಳು. ಹದಿಮೂರು ವರ್ಷಕ್ಕೆ ಮಚ್ಛೇಂದ್ರನ ಕೈ ಹಿಡಿದು, ಸಂತಪುರದ ಹಾದಿಯಲ್ಲಿ ನಡೆದುಕೊಂಡು ಬೀದರಿಗೆ ಬಂದಳು. ಊರ ಹೊರಗಿನ ಓಣಿಯಲ್ಲಿ ಸಂಸಾರ ಹೂಡಿದಳು. ಜಿಜಾ ಅಂತ ಒಬ್ಬಳೇ ಮಗಳು. ಆ ಮಗುವಿಗೆ ನಾಲ್ಕು ತುಂಬಿದ ವರ್ಷ ಯಾವನೋ ಒಬ್ಬ ತೋಟದವ ಅವಸರ ಮಾಡಿ ಹಸಿ ಗುಂಡಿ ಒಡೆದು ಮೂಲಂಗಿಯ ಮಡಿಗಳಿಗೆ ಸುರಿದ. ಓಣಿಯ ಮಕ್ಕಳು ಆ ಮೂಲಂಗಿ ಕಿತ್ತು, ಲಂಗಕ್ಕೆ ಒರೆಸಿಕೊಂಡು ತಿಂದವು. ಮೂರು ದಿನದಲ್ಲಿ ವಾಂತಿಭೇದಿಗೆ ಏಳು ಮಕ್ಕಳು ಹೋದವು. ಜಿಜಾ ಮೂರನೆಯವಳು.

ಆವಾಗ ಗುಂಡಿಗಳ ಉಸ್ತುವಾರಿ ಖೈರುನ್ನಿಸಾ ಅನ್ನುವ ಮುದುಕಿಯದಾಗಿತ್ತು. ಅವಳು ಸುಭದ್ರೆಯನ್ನು ಕರೆದು ಕೈಗೆ ಒಂದು ಕಬ್ಬಿಣದ ಸಲಾಕಿ ಕೊಟ್ಟಳು. ಉದ್ದ ಎದೆಮಟ್ಟ, ದಪ್ಪ ಹೆಬ್ಬೆರಳಷ್ಟು.

"ಇದನ್ನ ಗುಂಡ್ಯಾಗ ಚುಚ್ಚು. ನೂರು ಎಣಿಸು. ತೆಗೆದು ಮುಷ್ಟಿಯಾಗ ಹಿಡಿ. ಹಿಡ್ಯಾಕ ಬಂತಂದ್ರ ಬೆಂದದ, ಬರಲಿಲ್ಲಂದ್ರ ಇನ್ನಾ ಕುದೀಲಿಕತ್ತದ. ಹಿಡ್ಯಾಕ ಬರದ ಗುಂಡಿ ಖುದ್ದು ಬಾದಶಾಹ ಬಂದು ಕೇಳಿದ್ರೂ ತೆಗೀಬ್ಯಾಡ ಬೇಟಿ."

ಬಾದಶಾಹಿ ಮುಳುಗಿತು, ಖೈರುನ್ನಿಸಾ ಮಣ್ಣಾದಳು, ಗುಂಡಿಗಳು ಒಂದು ರೈತರ ಸಂಘದ ಕೈಗೆ ಬಂದವು. ಸಲಾಕಿ ಮಾತ್ರ ಸುಭದ್ರಾಬಾಯಿಯ ಕೈಯಲ್ಲೇ ಉಳಿಯಿತು. ಅದರ ಮಾತು ಮೀರಿ ಒಂದು ಬುಟ್ಟಿ ಮಾಲೂ ಆ ಬಯಲು ದಾಟಲಿಲ್ಲ.

ಭಾಲ್ಕಿಯ ಶಿವರಾಜಪ್ಪನ ಕತೆ ಇಲ್ಲಿಯೇ ಹೇಳಬೇಕು. ಬಾವಿಯ ನೀರಿನ ತೋಟ, ಮೆಂತ್ಯ, ಕೊತ್ತಂಬರಿ, ಉಳ್ಳಾಗಡ್ಡಿ. ಬಸವಣ್ಣನವರ ವಚನ ಹೇಳಿಯೇ ಬಾಯಿಗೆ ನೀರು ಹಾಕುವ ಮನುಷ್ಯ. ಅವನು ಮೊದಲ ಸಲ ಬಂದಾಗ ಗುಂಡಿಯಿಂದ ಹತ್ತು ಮಾರು ದೂರ ನಿಂತು, "ಇದರಾಗ ಬೆಳದದ್ದು ತಿಂದ್ರ ಏನೂ ಆಗಂಗಿಲ್ಲೇನು?" ಅಂತ ಕೇಳಿದ್ದ.

"ನನ್ನ ಮಗಳ ಆಣಿರಿ ಸಾವ್ಕಾರ್ರ. ಸಲಾಕಿ ತಣ್ಣಗಿದ್ರ ಏನೂ ಆಗಂಗಿಲ್ಲ," ಅಂದಿದ್ದಳು ಸುಭದ್ರಾಬಾಯಿ.

ಸತ್ತ ಮಗಳ ಆಣೆ ಅಂತ ಅವನಿಗೆ ಗೊತ್ತಿರಲಿಲ್ಲ. ಆದರೂ ಒಪ್ಪಿದ. ಭಾಲ್ಕಿಯ ಕಡೆ ಆ ಗೊಬ್ಬರ ಒಯ್ದ ಮೊದಲ ರೈತ ಅವನೇ. ಮೂರು ವರ್ಷದಲ್ಲಿ ಅವನ ತೋಟ ನೋಡಿ ಮತ್ತೆ ಹತ್ತು ಮಂದಿ ಬಂದರು. ಆದರೆ ಒಂದು ಮಾತಿತ್ತು. ಮಾಲು ಒಯ್ಯುವ ಮೊದಲು ಸಲಾಕಿ ಹಿಡಿದು ನೋಡುವುದು ಗಿರಾಕಿಯ ಹಕ್ಕು, ಮತ್ತು ಶಿವರಾಜಪ್ಪ ಮೂರು ವರ್ಷದಲ್ಲಿ ಒಂದು ಸಲವೂ ಅದನ್ನು ಸ್ವಂತ ಹಿಡಿಯಲಿಲ್ಲ. ಅವಳು ನೆಲದ ಮೇಲೆ ಇಡಬೇಕು, ಅವನ ಆಳು ಎತ್ತಿ ನೋಡಿ ಹೂಂ ಅನ್ನಬೇಕು. ವಚನ ನಾಲಿಗೆಯ ತನಕ ಇಳಿದಿತ್ತು, ಕೈಯ ತನಕ ಇನ್ನೂ ಇಳಿದಿರಲಿಲ್ಲ.

ಐವತ್ತಾರನೆಯ ಇಸವಿ ಬಂತು. ಬೀದರ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತದೆ ಅಂತ ಎಲ್ಲ ಕಡೆ ಅದೇ ಮಾತು. ಸಂಘದ ಕಾರಕೂನ ವೈಜಿನಾಥನಿಗೆ ಇಪ್ಪತ್ತಮೂರು ವಯಸ್ಸು, ಕನ್ನಡ ಬರೆಯಬಲ್ಲವನು ಆ ಆಫೀಸಿನಲ್ಲಿ ಅವನೊಬ್ಬನೇ. ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಕ್ಟೋಬರದ ಕೊನೆಯ ವಾರದಲ್ಲಿ ಹನ್ನೆರಡೂ ಗುಂಡಿಗಳ ಉರ್ದು ಹಲಗೆಗಳನ್ನು ಕೀಳಿಸಿ, ಕಪ್ಪು ಬಳಿದು, ಬಿಳಿ ಬಣ್ಣದಲ್ಲಿ ಕನ್ನಡದ ಅಂಕಿ ಬರೆದ. ಎರಡು ದಿನ ಒಣಗಿಸಿ ನೆಡಲಿಕ್ಕೆ ಹೊರಟಾಗ ಹಲಗೆಗಳನ್ನು ಒಂದೊಂದಾಗಿ ಅವನ ಕೈಗೆ ಎತ್ತಿ ಕೊಟ್ಟವಳು ಸುಭದ್ರಾಬಾಯಿಯೇ. ಎಡಗಡೆಯಿಂದ ಶುರು ಮಾಡಿ ಒಂದು, ಎರಡು, ಮೂರು ಅಂತ ನೆಟ್ಟುಕೊಂಡು ಹೋದ. ಅವಳಿಗೆ ಹಳೆಯ ಅಂಕಿಯೂ ಬರುತ್ತಿರಲಿಲ್ಲ, ಹೊಸದೂ ಬರುತ್ತಿರಲಿಲ್ಲ. ಗುಂಡಿಗಳು ಅವಳಿಗೆ ಮೈ ಗುರುತಿನಿಂದಲೇ ಗೊತ್ತು. ಹೊಳೆಯುವ ಹಲಗೆ ನೋಡಿ ಅವಳಿಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ನವೆಂಬರ ಒಂದನೆಯ ತಾರೀಖು ರಾಜ್ಯ ಸೇರುವ ದಿನ. ದೀಪಾವಳಿಯೂ ಅದೇ ವಾರ. ಮೆರವಣಿಗೆಯ ಹಾದಿ ಗುಡಿಸಲಿಕ್ಕೆ ಗುಂಡಿಯ ಹೆಣ್ಣಾಳುಗಳನ್ನೆಲ್ಲ ಶಹರಕ್ಕೆ ಕರೆದರು. ಸುಭದ್ರಾಬಾಯಿಯೂ ಹೋದಳು. ಅತ್ತ ಮೆರವಣಿಗೆಯಲ್ಲಿ ತಮಟೆ ಬಾರಿಸುತ್ತಿದ್ದಾಗ ಇತ್ತ ಭಾಲ್ಕಿಯಿಂದ ಶಿವರಾಜಪ್ಪನ ಮೂರು ಗಾಡಿಗಳು ಬಯಲಿಗೆ ಬಂದವು. ಹೊಸ ಗಾಡಿಯಾಳುಗಳು. ಕೈಯಲ್ಲಿ ಎರಡು ತಿಂಗಳ ಹಿಂದೆ ಮಾಡಿಸಿಟ್ಟ ಚೀಟಿ, ಅದರಲ್ಲಿ ಎರಡನೆಯ ಗುಂಡಿ ಅಂತ ಬರೆದಿತ್ತು. ಹಲಗೆ ನೋಡಿದರು, ಎರಡು ಅಂತಿತ್ತು. ತಾವೇ ಅಗೆದು ತುಂಬಿಕೊಂಡು ಹೋದರು. ವಾಸನೆ ಬಡಿಯಿತು ನಿಜ. ಈ ಮಾಲು ಅಂದರೆ ವಾಸನೆ ಇರುವುದೇ ಅಂತ ಬಾಯಿಗೆ ಬಟ್ಟೆ ಕಟ್ಟಿಕೊಂಡರು.

ಮರುದಿನ ಬೆಳಿಗ್ಗೆ ಬಂದ ಸುಭದ್ರಾಬಾಯಿ ಎಡಗಡೆಯ ಕೊನೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಗುಂಡಿ ನೋಡಿದಳು. ಅದು ದಸರೆಗೆ ಮೊದಲು ಮುಚ್ಚಿದ ಗುಂಡಿ, ಇಪ್ಪತ್ತೇ ದಿನದ್ದು. ಅಷ್ಟೇ ಆಗಿದ್ದರೆ ಬೇರೆ. ಆ ದಿನಗಳಲ್ಲಿ ಶಹರದ ಒಂದು ಗಲ್ಲಿಯಲ್ಲಿ ವಾಂತಿಭೇದಿ ಎದ್ದಿತ್ತು. ಆ ಗಲ್ಲಿಯ ಡಬ್ಬಗಳೆಲ್ಲ ಇದರೊಳಗೇ ಬಿದ್ದಿದ್ದವು. ಅದಕ್ಕಾಗಿಯೇ ಇದಕ್ಕೆ ಅವಳು ದುಪ್ಪಟ್ಟು ಬೂದಿ ಹಾಕಿ, ಎಂಟು ತಿಂಗಳು ತೆಗೆಯಬಾರದು ಅಂತ ಮನಸ್ಸಿನಲ್ಲಿ ಗಂಟು ಹಾಕಿಟ್ಟಿದ್ದಳು.

ನಿನ್ನೆ ಭಾಲ್ಕಿಯ ಗಾಡಿಗಳು ಬಂದಿದ್ದವು ಅಂತ ದನ ಕಾಯುವ ಹುಡುಗ ಹೇಳಿದ ಕೂಡಲೇ ವೈಜಿನಾಥನ ಮನೆಗೆ ಓಡಿದಳು. ಅವನು ಎಣ್ಣೆ ಹಚ್ಚಿಕೊಂಡು ಹಬ್ಬದ ಸ್ನಾನಕ್ಕೆ ಕೂತಿದ್ದ.

"ಕಾರಕೂನ್ರ, ಹಸಿ ಗುಂಡಿ ಒಯ್ದಾರಿ! ಭಾಲ್ಕಿಗಿ ಒಯ್ದಾರಿ!"

"ಯಾಕ ಒದರ್ತಿ? ಚೀಟ್ಯಾಗ ಎರಡ ಅದ, ಬೋರ್ಡಿನ ಮ್ಯಾಲ ಎರಡ ಅದ. ಎಲ್ಲಾ ಸರಿ ಅದ."

"ಮುದುಕಿ ಖೈರುನ್ನಿಸಾ ಇದ್ದಾಗಿಂದ ಎರಡನೇದಂದ್ರ ಬಾವಿ ಕಡೀಂದ ಎರಡನೇದರಿ. ಬಲಕ್ಕ!" ಅವಳು ಬಲಗೈ ಎತ್ತಿ ತೋರಿಸಿದಳು. "ನೀವು ಯಾವ ಕಡಿಂದ ನೆಟ್ರಿ?"

ವೈಜಿನಾಥನ ಮುಖದ ಬಣ್ಣ ಇಳಿಯಿತು. ಉರ್ದು ಬರೆಯುವವರು ಬಲದಿಂದ ಎಡಕ್ಕೆ ಬರೆದಂತೆ ಗುಂಡಿಗಳನ್ನೂ ಬಲದಿಂದಲೇ ಎಣಿಸಿಟ್ಟಿದ್ದರು. ಇವನು ಕನ್ನಡದ ಹುಡುಗ, ಎಡದಿಂದ ನೆಟ್ಟಿದ್ದ. ಹಳೆಯ ಎರಡು ಈಗ ಹನ್ನೊಂದಾಗಿತ್ತು, ಹಳೆಯ ಹನ್ನೊಂದು ಈಗ ಎರಡಾಗಿತ್ತು. ಚೀಟಿ ಮಾತ್ರ ಹಳೆಯದು. ಇಂಥ ತಪ್ಪು ಬೇರೆ ಯಾವ ಊರಿನಲ್ಲೂ ಆಗುತ್ತಿರಲಿಲ್ಲ, ಬೇರೆ ಯಾವ ವಾರದಲ್ಲೂ ಆಗುತ್ತಿರಲಿಲ್ಲ.

"ಅಧ್ಯಕ್ಷರು ಊರಾಗಿಲ್ಲ. ಹಬ್ಬ ಮುಗೀಲಿ, ಕೇಳಿ ಮಾಡೂಣು," ಅಂದ ಅವನು, ಕಣ್ಣು ತಪ್ಪಿಸಿ.

"ಹಬ್ಬ ಮುಗಿಯೂತನಕ ಆ ಮಂದಿ ಉಣ್ಣೂದಿಲ್ಲೇನ್ರಿ? ಒಂದು ಚೀಟಿ ಬರೆದು ಕೊಡ್ರಿ. ನಾನೇ ಹೋಗ್ತೇನಿ."

ಅವನು ಒದ್ದೆ ಕೈಯಲ್ಲೇ ನಾಲ್ಕು ಸಾಲು ಗೀಚಿ ಮಡಿಸಿ ಕೊಟ್ಟ. ಮನೆಗೆ ಬಂದು ಸಲಾಕಿ ಎತ್ತಿಕೊಂಡಳು. ಮಚ್ಛೇಂದ್ರ ಬಾಗಿಲಿಗೆ ಅಡ್ಡ ನಿಂತ. ಅವನು ಮೊನ್ನೆಯ ದಸರೆಗೆ ಓಣಿಯ ನಾಲ್ಕು ಮಂದಿಯ ಜೋಡಿ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಿದ್ದ. ಜಗಲಿಯ ಹಳೆಯ ದೇವರುಗಳನ್ನು ತೆಗೆದಿದ್ದ, ಯಾರ ಮುಂದೂ ಬಾಗುವುದಿಲ್ಲ ಅಂತ ಪಣ ತೊಟ್ಟಿದ್ದ.

"ನೀ ಹಿಡಿದ ಸಲಾಕಿ ಮುಟ್ಟಂಗಿಲ್ಲ ಅವ. ಅಂಥವನ ಮನಿ ಉಳಿಸಲಿಕ್ಕ ಓಡ್ತಿಯೇನು?"

"ಜಿಜಾನ ತಿಂದ ಬ್ಯಾನಿ ಯಾರ ಮನಿ ಅಂತ ಕೇಳಿ ಬಂದಿತ್ತೇನು? ಸರಿ ಆ ಕಡಿ."

ಮಗಳ ಹೆಸರು ಆ ಮನೆಯಲ್ಲಿ ಬಾಯಿಂದ ಬರದೆ ಎಷ್ಟೋ ವರ್ಷವಾಗಿತ್ತು. ಮಚ್ಛೇಂದ್ರ ಸರಿದು ನಿಂತ.

ರೈಲಿನಲ್ಲಿ ಜಾಗವಿತ್ತು, ಆದರೂ ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಸಲಾಕಿಯ ವಾಸನೆಗೆ ಪಕ್ಕದವರು ದೂರ ಸರಿದರು. ಇಬ್ಬರು ಟೊಪ್ಪಿಗೆಯವರು ಇನ್ನು ಮೇಲೆ ನಾವು ಮೈಸೂರಿನವರು, ಕಚೇರಿಯ ಕಾಗದ ಕನ್ನಡದಲ್ಲೇ ಬರುತ್ತದೆ ಅಂತ ಜೋರಾಗಿ ಮಾತಾಡುತ್ತಿದ್ದರು. ಹಲಬರ್ಗಾದಲ್ಲಿ ಗಾಡಿ ನಿಂತಿತು. ಎದುರಿನ ಗಾಡಿ ಬಂದು ದಾಟುವ ತನಕ ಬಿಡುವುದಿಲ್ಲವಂತೆ. ಸೂರ್ಯ ಏರುತ್ತಿದ್ದ. ಶಿವರಾಜಪ್ಪನ ಎತ್ತಿನ ಗಾಡಿಗಳು ನಿನ್ನೆ ರಾತ್ರಿಯೇ ಮುಟ್ಟಿರುತ್ತವೆ, ಬೆಳಿಗ್ಗೆ ಎದ್ದವರೇ ಹರವಲಿಕ್ಕೆ ಶುರು ಮಾಡಿರುತ್ತಾರೆ, ಹರವಿದ ಮೇಲೆ ನೀರು ಬಿಡುತ್ತಾರೆ. ಅವಳಿಗೆ ಎಲ್ಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಕೆಳಗಿಳಿದಳು, ಹಳಿಯ ಗುಂಟ ನಡೆದು ಹೋಗಿಬಿಡಲೇ ಅಂತ ನಾಲ್ಕು ಹೆಜ್ಜೆ ಹಾಕಿದಳು, ತಿರುಗಿ ಬಂದು ಹತ್ತಿದಳು. ತನ್ನ ಕೈಯಾರೆ ಎತ್ತಿ ಕೊಟ್ಟ ಹಲಗೆಗಳಲ್ಲವೇ ಅವು.

ಭಾಲ್ಕಿಯಲ್ಲಿ ಇಳಿದವಳು ಓಡುನಡಿಗೆಯಲ್ಲಿ ತೋಟ ಮುಟ್ಟಿದಳು. ಅವಳು ಹೆದರಿದ್ದೆಲ್ಲ ಅಲ್ಲಿ ನಡೆದೇ ಇತ್ತು. ಬದುವಿನ ಮೇಲೆ ಮೂರು ಗಾಡಿಯ ಮಾಲು ರಾಶಿ ಬಿದ್ದಿತ್ತು, ಇಬ್ಬರು ಆಳುಗಳು ಬುಟ್ಟಿಯಲ್ಲಿ ತುಂಬಿ ಮಡಿಗಳಿಗೆ ಉದುರಿಸುತ್ತಿದ್ದರು. ಮೂಡಣ ಕಡೆಯ ನಾಲ್ಕು ಮಡಿಗಳಿಗೆ ಹರವಿ ನೀರೂ ಬಿಟ್ಟಾಗಿತ್ತು. ಬೇವಿನ ಮರದ ಕೆಳಗೆ ಶಿವರಾಜಪ್ಪನ ಹೆಂಡತಿ ವಿಮಲಾಬಾಯಿ ಆ ಮಡಿಗಳಿಂದಲೇ ಕಿತ್ತ ಉಳ್ಳಾಗಡ್ಡಿ ತಪ್ಪಲನ್ನೂ ಮೆಂತ್ಯವನ್ನೂ ಕಾಲುವೆಯಲ್ಲಿ ಜಾಲಾಡಿ ಸಿವುಡು ಕಟ್ಟುತ್ತಿದ್ದಳು. ಎರಡು ಬುಟ್ಟಿ ತುಂಬಿದ್ದವು. ಮಧ್ಯಾಹ್ನ ಹಬ್ಬದ ಸಂತೆ. ಹಸಿಯಾಗಿಯೇ ರೊಟ್ಟಿಯ ಜೋಡಿ ಕಡಿದು ತಿನ್ನುವ ತಪ್ಪಲು ಅದು.

"ನಿಲ್ಸ್ರಿ! ಕೈ ತೆಗೀರಿ ಅದರಾಗಿಂದ!"

ಆಳುಗಳು ನಕ್ಕರು. ಬಾವಿಯ ಕಡೆಯಿಂದ ಶಿವರಾಜಪ್ಪ ಬಂದ. ಅವಳು ಏದುಸಿರು ಬಿಡುತ್ತ ಬಲಗಡೆ, ಎಡಗಡೆ, ಹಲಗೆ, ಚೀಟಿ ಎಲ್ಲ ಹೇಳಿದಳು. ಅವನು ಹುಬ್ಬು ಗಂಟಿಕ್ಕಿ ಕೇಳಿದ.

"ಮೂರು ವರ್ಷ ಅಮೃತ ಅಂದಿ. ಇವತ್ತ ವಿಷ ಅಂತಿ. ಬ್ಯಾರೆ ಯಾರಿಗರೆ ಮಾಲ ಮಾತಾಡೀಯೇನು?"

"ಚೀಟಿ ನೋಡ್ರಿ ಸಾವ್ಕಾರ್ರ. ಕಾರಕೂನ್ರು ಬರ್ದಾರ."

ಅವಳು ಚೀಟಿಯನ್ನು ನೆಲದ ಮೇಲಿಟ್ಟಳು. ಅವನು ಎತ್ತಿಕೊಂಡು ಗಟ್ಟಿಯಾಗಿ ಓದಿದ: "ಚೀಟಿ ಮತ್ತು ಬೋರ್ಡಿನ ಪ್ರಕಾರ ಮಾಲು ಸರಿಯಾಗಿದೆ. ಈ ಹೆಂಗಸು ಸಂಶಯ ಪಡುತ್ತಾಳೆ. ಆಕೆಯ ಸಮಾಧಾನಕ್ಕಾಗಿ ತಾವು ನೋಡಬಹುದು."

ಆ ನಾಲ್ಕು ಸಾಲನ್ನು ಅವಳು ದೇವರ ಪ್ರಸಾದದ ಹಾಗೆ ಕುಪ್ಪಸದಲ್ಲಿ ಇಟ್ಟುಕೊಂಡು ಬಂದಿದ್ದಳು! ಅಂಜುಬುರುಕ ಕಾರಕೂನ, ಸ್ನಾನದ ಮಣೆಯ ಮೇಲೆ ಕೂತೇ ಅವಳ ಮಾತನ್ನು ಸುಳ್ಳು ಮಾಡಿ ಕಳಿಸಿದ್ದ. ಸಿಟ್ಟಿಗೆ, ಅಪಮಾನಕ್ಕೆ ಅವಳ ಕಣ್ಣು ತುಂಬಿದವು. ಅವಳು ಒರೆಸಿಕೊಳ್ಳಲಿಲ್ಲ. ರಾಶಿಯ ಹತ್ತಿರ ಹೋಗಿ ಎರಡೂ ಕೈಯಿಂದ ಸಲಾಕಿ ಎತ್ತಿ ಬುಡದ ತನಕ ಚುಚ್ಚಿದಳು.

"ಒಂದು, ಎರಡು, ಮೂರು..."

ಆಳುಗಳ ನಗು ನಿಂತಿತು. ಐವತ್ತಕ್ಕೆ ಶಿವರಾಜಪ್ಪ ಏನೋ ಹೇಳಲಿಕ್ಕೆ ಬಾಯಿ ತೆರೆದ, ಅವಳು ಎಣಿಕೆ ಬಿಡಲಿಲ್ಲ. ನೂರಕ್ಕೆ ಎಳೆದು ತೆಗೆದು, ಚುಚ್ಚಿದ್ದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಹಿಡೀರಿ."

"ನೆಲಕ್ಕಿಡು."

"ನಿಮ್ಮ ಹಳೇ ಆಳು ಇಲ್ಲಿಲ್ಲ. ನೆಲಕ್ಕಿಟ್ರ ಆರ್ತದ. ಇವತ್ತ ನೀವ ಹಿಡೀಬೇಕರಿ."

ಅವನ ಕೈ ಅರ್ಧ ಎದ್ದು ನಿಂತಿತು, ಮುಂದೆ ಬರಲಿಲ್ಲ. ಹೊಸ ಆಳುಗಳು ನೋಡುತ್ತಿದ್ದರು. ಸುಭದ್ರಾಬಾಯಿಯ ಅಂಗೈ ಸುಡುತ್ತಿತ್ತು. ಕೈ ಬಿಟ್ಟರೆ ತನ್ನ ಮಾತು ಬಿದ್ದಂತೆ. ಹಲ್ಲು ಕಚ್ಚಿ ಹಿಡಿದೇ ನಿಂತಳು. ಅಷ್ಟರಲ್ಲಿ ಬೇವಿನ ಮರದ ಕೆಳಗಿಂದ ವಿಮಲಾಬಾಯಿ ಎದ್ದು ಬಂದಳು. ಗಂಡನ ಮುಖ ಒಂದು ಸಲ ನೋಡಿ, ಒದ್ದೆ ಕೈ ಸೀರೆಗೆ ಒರೆಸಿಕೊಂಡು ಸಲಾಕಿಯನ್ನು ಸುಭದ್ರಾಬಾಯಿಯ ಮುಷ್ಟಿಯ ಪಕ್ಕದಲ್ಲೇ ಗಟ್ಟಿಯಾಗಿ ಹಿಡಿದಳು.

"ಅಯ್ಯಯ್ಯ! ಕೆಂಡ ಆಗ್ಯದಲ್ಲರಿ ಇದು!"

ಸಲಾಕಿ ನೆಲಕ್ಕೆ ಬಿತ್ತು. ವಿಮಲಾಬಾಯಿ ತನ್ನ ಅಂಗೈ ನೋಡಿಕೊಂಡಳು, ಸುಭದ್ರಾಬಾಯಿಯ ಕೆಂಪಾದ ಅಂಗೈ ನೋಡಿದಳು, ಹಿಂದಕ್ಕೆ ತಿರುಗಿ ಬುಟ್ಟಿಗಳನ್ನು ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು.

"ನಾ ಮುಂಜಾನಿ ಇದೇ ತಪ್ಪಲ ತಿಂದೀನಿ. ರೊಟ್ಟಿ ಜೋಡಿ."

ಆಮೇಲೆ ಯಾರೂ ಯಾರನ್ನೂ ಸುಳ್ಳು ಅನ್ನಲಿಲ್ಲ. ಬುಟ್ಟಿಗಳು ಸಂತೆಗೆ ಹೋಗಲಿಲ್ಲ, ಉರಿಯುವ ಒಲೆಗೆ ಹೋದವು. ಸುಭದ್ರಾಬಾಯಿ ಆಳುಗಳನ್ನು ನಿಲ್ಲಿಸಿ ತೋಟದ ಮೂಲೆಯಲ್ಲಿ ಗುಂಡಿ ತೋಡಿಸಿದಳು, ರಾಶಿಯನ್ನೂ ನಾಲ್ಕು ಮಡಿಯ ಮೇಲ್ಮಣ್ಣನ್ನೂ ಬೂದಿ ಬೆರೆಸಿ ಹುಗಿಸಿ ಕೆಸರು ಮೆತ್ತಿಸಿದಳು. ಶಿವರಾಜಪ್ಪ ದವಾಖಾನೆಗೆ ಓಡಿ ಡಾಕ್ಟರನ್ನು ಕರೆತಂದ. ಅವರು ಸೂಜಿ ಚುಚ್ಚಿ, ನೀರು ಕಾಯಿಸಿ ಕುಡಿಸಿರಿ, ಐದು ದಿನ ದಾಟಿದರೆ ಭಯವಿಲ್ಲ ಅಂದರು.

ಸುಭದ್ರಾಬಾಯಿ ತಿರುಗಿ ಹೋಗಲಿಲ್ಲ. ಹೋಗು ಅಂತ ಯಾರೂ ಹೇಳಲಿಲ್ಲ, ಒಳಗೆ ಬಾ ಅಂತಲೂ ಹೇಳಲಿಲ್ಲ. ಅವರ ಅಂಗಳದ ಕೊಟ್ಟಿಗೆಯ ಕಟ್ಟೆಯ ಮೇಲೆ ಸಲಾಕಿ ಪಕ್ಕಕ್ಕಿಟ್ಟುಕೊಂಡು ಕೂತಳು. ಎರಡನೆಯ ದಿನ ವಿಮಲಾಬಾಯಿಗೆ ಹೊಟ್ಟೆ ಕಡಿಯಿತು. ನಾಲ್ಕು ಸಲ ಹಿತ್ತಲಿಗೆ ಹೋಗಿ ಬಂದಳು. ಐದನೆಯ ಸಲ ಹೋದಾಗ ಸುಭದ್ರಾಬಾಯಿ ಕಟ್ಟೆ ಬಿಟ್ಟು ಎದ್ದಳು. ಹಿತ್ತಲಿಗೆ ಹೋಗಿ, ಅವಳು ಕೂತೆದ್ದ ಜಾಗವನ್ನು ಬಗ್ಗಿ ನೋಡಿದಳು. ಜಿಜಾಳಿಗೆ ಅಕ್ಕಿ ತೊಳೆದ ನೀರಿನಂತೆ ಹೋಗಿತ್ತು. ಅದನ್ನು ಅವಳು ಸಾಯುವ ತನಕ ಮರೆಯುವಂತಿರಲಿಲ್ಲ. ಇದು ಹಾಗಿರಲಿಲ್ಲ.

"ಇದು ಅದಲ್ಲರಿ ಅವ್ವಾರ," ಅಂದಳು. "ಹೆದರಿಕೀಗಿ ಆದದ್ದು. ನೀರು ಕುಡೀರಿ."

ಜಗತ್ತೆಲ್ಲ ಮುಖ ತಿರುಗಿಸುವ ವಸ್ತುವನ್ನು ಓದಬಲ್ಲ ಹೆಣ್ಣುಮಗಳು ಅವಳು. ವಿಮಲಾಬಾಯಿ ಅಲ್ಲೇ ಗೋಡೆ ಹಿಡಿದು ಕೂತು ಅತ್ತಳು, ಇವಳೂ ಅತ್ತಳು. ಹಿತ್ತಲ ಬಾಗಿಲಲ್ಲಿ ಶಿವರಾಜಪ್ಪ ನಿಂತು ನೋಡುತ್ತಿದ್ದ. ಮೂರನೆಯ ದಿನ ಭೇದಿ ನಿಂತಿತು. ನಾಲ್ಕನೆಯ ದಿನ ವಿಮಲಾಬಾಯಿ ಅಂಬಲಿ ಉಂಡಳು. ಐದನೆಯ ದಿನವೂ ಮುಳುಗಿತು.

ಆರನೆಯ ದಿನ ಬೆಳಿಗ್ಗೆ ಸುಭದ್ರಾಬಾಯಿ ರೈಲಿಗೆ ಹೊರಟು ಸೆರಗು ಕೊಡವಿಕೊಂಡಳು. ಸಲಾಕಿಗೆ ಬಗ್ಗುವಷ್ಟರಲ್ಲಿ ಶಿವರಾಜಪ್ಪ ಕಟ್ಟೆಯ ಹತ್ತಿರ ಬಂದಿದ್ದ. ಐದು ದಿನ ಅವನು ಅವಳ ಜೋಡಿ ಒಂದು ಮಾತೂ ಆಡಿರಲಿಲ್ಲ.

"ಆವತ್ತ ಮಗಳ ಆಣಿ ಹಾಕಿದ್ದಿ. ಹ್ಯಾಂಗಿದಾಳ ಮಗಳು?"

"ಇಲ್ಲರಿ. ಇಂಥದ್ದೇ ತಪ್ಪಿನಾಗ ಹೋದಳು. ನಾಕು ವರ್ಷದಕಿ."

ಅವನು ಬಗ್ಗಿ ಸಲಾಕಿಯನ್ನು ಎತ್ತಿದ, ಅವಳು ದಿನಾ ಹಿಡಿಯುವ ಜಾಗದಲ್ಲೇ ಹಿಡಿದ. ಅವಳು ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದು, ಅವನು ನೆಲಕ್ಕಿಡಲಿ ಅಂತ ಕಾದಳು. ಅವನು ಇಡಲಿಲ್ಲ. ಆ ಎರಡು ಹೆಜ್ಜೆಯನ್ನು ತಾನೇ ನಡೆದು ಅವಳ ಕೈಗೆ ಕೊಟ್ಟ.

"ಮುಂದಿನ ಮಾಲ ಯಾವ ಗುಂಡೀದು ಅಂತ ನೀನೇ ಹೇಳಿ ಕಳಸವ್ವ. ಬೋರ್ಡ ಹೇಳೂದು ಬ್ಯಾಡ."

"ಬಾವಿ ಕಡೀಂದ ಎರಡನೇದರಿ," ಅಂದಳು ಸುಭದ್ರಾಬಾಯಿ. "ಬಂದು ಹಿಡಿದು ನೋಡಿ ಒಯ್ರಿ."

ಬೀದರಿಗೆ ಬಂದವಳು ಮನೆಗೆ ಹೋಗಲಿಲ್ಲ. ನೇರ ಸಂಘದ ಆಫೀಸಿಗೆ ಹೋಗಿ, ತಲೆ ತಗ್ಗಿಸಿ ಕೂತಿದ್ದ ವೈಜಿನಾಥನ ಮೇಜಿನ ಮೇಲೆ ಅವನ ಚೀಟಿಯನ್ನೂ ಅದರ ಪಕ್ಕ ಸಲಾಕಿಯನ್ನೂ ಇಟ್ಟಳು. ಅವನು ಸಲಾಕಿ ಎತ್ತಿಕೊಂಡು ಎದ್ದು ಅವಳ ಹಿಂದೆ ಬಯಲಿಗೆ ನಡೆದ. ಅವತ್ತಿನಿಂದ ಆ ಸಂಘದಲ್ಲಿ ಮೊದಲು ಕಾರಕೂನ ಗುಂಡಿಗೆ ಬಂದು ಸಲಾಕಿ ಹಿಡಿಯಬೇಕು, ಆಮೇಲೆ ಚೀಟಿ ಬರೆಯಬೇಕು ಅಂತಾಯಿತು.